ಮಗಳ ಬಿಳಿ ಊಟ

ನನ್ನ ಮಗಳು ಐದು ವರ್ಷ ತುಂಬುವವರೆಗೆ ಬಿಳಿಯದ್ದನ್ನು ಬಿಟ್ಟು ಬೇರೇನನ್ನೂ ಬಾಯಿಗೆ ಇಟ್ಟವಳಲ್ಲ. ಅನ್ನ, ಮೊಸರು, ಹಾಲು, ಇಡ್ಲಿ, ಕಾಯಿತುರಿ, ಅಂಚು ಕಿತ್ತ ಬ್ರೆಡ್ಡು, ಮತ್ತೆ ಬೀದಿ ಕೊನೆಯ ಅಂಗಡಿಯ ಗಾಜಿನ ಜಾಡಿಯಲ್ಲಿರುತ್ತಿದ್ದ ಒಂದು ಜಾತಿಯ ಮೈದಾ ಬಿಸ್ಕತ್ತು. ಅದೂ ಸ್ವಲ್ಪ ಹೆಚ್ಚು ಬೆಂದು ಕೆಂಪಗಾಗಿದ್ದರೆ ಬೇಡ. ಅನ್ನದ ಮೇಲೆ ಸಾರಿನ ಒಂದು ತೊಟ್ಟು ಬಿದ್ದರೆ ಇಡೀ ತಟ್ಟೆಯೇ ಮೈಲಿಗೆ. ಮೊಸರನ್ನದಲ್ಲಿ ಒಗ್ಗರಣೆಯ ಸಾಸಿವೆ ಕಂಡರೆ ಚೇಳು ಕಂಡವಳ ಹಾಗೆ ಕಿರುಚಿಕೊಳ್ಳುತ್ತಿದ್ದಳು.

ಬಿಳಿಯಲ್ಲೂ ಅವಳಿಗೆ ಭೇದಗಳಿದ್ದವು. ಅನ್ನದ ಬಿಳಿ, ಕಾಯಿ ಬಿಳಿ, ಹಾಲಿನ ಬಿಳಿ, ಸುಣ್ಣದ ಬಿಳಿ. ಮಾತು ತಡವಾಗಿ ಬಂದ ಮಗು ಅದು. ಬಂದಾಗಲೂ ಮೊದಲು ಬಂದದ್ದು ಅಪ್ಪ, ಅಮ್ಮ ಅಲ್ಲ. ಈ ಬಿಳಿಗಳ ಹೆಸರು. ಹಾಲಿನವನು ಒಂದು ದಿನ ನೀರು ಜಾಸ್ತಿ ಹೊಯ್ದು ಕೊಟ್ಟಿದ್ದ. ಲೋಟ ನೋಡಿದವಳೇ "ನೀರಿನ ಬಿಳಿ" ಎಂದು ದೂಡಿಬಿಟ್ಟಳು. ನನ್ನ ಹೆಂಡತಿ ಮರುದಿನ ಅದೇ ಮಾತನ್ನು ಹಾಲಿನವನಿಗೆ ಮುಟ್ಟಿಸಿದಳು. ಆಮೇಲಿನಿಂದ ಇಡೀ ಬೀದಿಯಲ್ಲಿ ನಮ್ಮ ಮನೆಗೆ ಮಾತ್ರ ಗಟ್ಟಿ ಹಾಲು.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಾನು ಹಾಸನದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು; ಹೆಂಡತಿ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಇದ್ದವಳು ಒಬ್ಬಳೇ ಮಗಳು, ಆದರೆ ಮನೆಯಲ್ಲಿ ಹತ್ತು ಮಕ್ಕಳಿದ್ದಷ್ಟು ಗಲಾಟೆ. ಎಚ್ಚರವಿದ್ದಷ್ಟು ಹೊತ್ತೂ ಬೀದಿ ಬಾಗಿಲಿನಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಬೀದಿ ಬಾಗಿಲಿಗೆ ಓಡುತ್ತಿದ್ದಳು. ಕೂರಿಸಿದರೆ ಕಾಲು ಅಲ್ಲಾಡುತ್ತಿತ್ತು. ಮಲಗಿದರೂ ಕಾಲು ಸುಮ್ಮನಿರುತ್ತಿರಲಿಲ್ಲ. ಅವಳ ಎರಡೂ ಪಕ್ಕದಲ್ಲಿ ಒದೆ ತಿಂದು ತಿಂದು ನಾವು ಗೋಡೆಗೆ ಅಂಟಿಕೊಂಡು ಮಲಗುವುದನ್ನು ಕಲಿತಿದ್ದೆವು. ಹೆಸರು ಹಿಡಿದು ಕೂಗಿದರೆ ತಿರುಗುತ್ತಿರಲಿಲ್ಲ. ಆದರೆ ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಎರಡೂ ಕಿವಿ ಮುಚ್ಚಿಕೊಂಡು ಮಂಚದಡಿ ಸೇರುತ್ತಿದ್ದಳು. ನರ್ಸರಿಗೆ ಸೇರಿಸಿದೆವು. ವಾರ ಕಳೆಯುವುದರೊಳಗೆ ಅಲ್ಲಿನ ಮಿಸ್ಸು ಕೈಮುಗಿದರು.

"ಮಗು ಬಹಳ ಒಳ್ಳೇದು ಸಾರ್. ಆದ್ರೆ ಅದರ ಹಿಂದೆ ಓಡೀ ಓಡೀ ನಾನು ಇಳಿದೋಗಿದೀನಿ. ನಮ್ಮ ಮನೇಲಿ ಕೇಳ್ತಾ ಇದಾರೆ, ಏನು ಕಾಯಿಲೆ ಅಂತ."

ಮಗು ಹೀಗಿದೆ ಎಂದರೆ ನಮ್ಮ ಕಡೆ ಯಾರೂ "ಡಾಕ್ಟರಿಗೆ ತೋರಿಸಿದಿರಾ?" ಎಂದು ಮೊದಲು ಕೇಳುವುದಿಲ್ಲ. "ಏನು ತಿನ್ನಿಸ್ತೀರಿ?" ಎಂದು ಕೇಳುತ್ತಾರೆ. ಉತ್ತರ ಹೇಳುವುದೂ ಅವರೇ.

ನನ್ನ ಅವ್ವ ಅರಕಲಗೂಡಿನ ಹತ್ತಿರದ ಹಳ್ಳಿಯವಳು. ಶುಂಠಿ ಕೆಲಸ, ಹೊಗೆಸೊಪ್ಪಿನ ಕೆಲಸ ಮುಗಿದ ಮೇಲೆ ರಾಗಿಹಿಟ್ಟಿನ ಚೀಲ ಹೊತ್ತುಕೊಂಡು ನಮ್ಮ ಮನೆಗೆ ಬರುತ್ತಿದ್ದಳು. ಮೊಮ್ಮಗಳ ಓಟವನ್ನು ಜಗಲಿಯ ಮೇಲೆ ಕೂತು ನೋಡಿ ಅವ್ವ ತೀರ್ಪು ಕೊಟ್ಟಳು.

"ಸಕ್ಕರೆ ಆಲು ಕುಡ್ಸಿ ಕುಡ್ಸಿ ಆ ಮಗಿನ ಒಟ್ಟೆ ತುಂಬ ಜಂತುಳ ಆಗದೆ ಕಣ್ಲಾ. ಅವು ಒಳಗೆ ಕುಣೀತವೆ, ಇವಳು ಒರಗೆ ಕುಣೀತಾಳೆ. ಸಕ್ಕರೆ ಬುಡ್ಸು, ಮುದ್ದೆ ಇಕ್ಕು. ತಣ್ಣಗೆ ಕೂತ್ಕತದೆ."

ಜಂತುಹುಳದ ಔಷಧಿ ಕುಡಿಸಿದ್ದಾಯಿತು. ಹುಳ ಹೋಯಿತೋ ಇಲ್ಲವೋ, ಕುಣಿತವಂತೂ ಹೋಗಲಿಲ್ಲ.

ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಚನ್ನರಾಯಪಟ್ಟಣದವರು. ಅವರ ಕಡೆ ಎಲ್ಲ ಕಾಯಿಲೆಗೂ ತೆಂಗೇ ಮದ್ದು. ಅವರು ಬರುವಾಗ ಬ್ಯಾಗಿನ ತುಂಬ ಕಾಯಿ, ಕೊಬ್ಬರಿ, ಬೆಣ್ಣೆ. "ಮುದ್ದೆ ಮಾತ್ರ ಕೊಡ್ಬೇಡಿ ಅಳಿಯಂದ್ರೇ, ಬುದ್ಧಿ ಮಂದ ಆಗುತ್ತೆ" ಎಂದು ನನ್ನೊಬ್ಬನನ್ನೇ ಕರೆದು ಪಿಸುಗುಟ್ಟುತ್ತಿದ್ದರು. "ಹಾಲು, ಬೆಣ್ಣೆ, ಕಾಯಿ ಎಷ್ಟು ಬೇಕೋ ಅಷ್ಟು ತಿನ್ಲಿ. ತಲೆ ಒಳಗಿರೋದೂ ಬೆಳ್ಳಗೇ ಅಲ್ವಾ? ತನಗೇನು ಬೇಕು ಅಂತ ಮಗೂಗೇ ಗೊತ್ತಾಗಿದೆ."

ಮಿದುಳಿನ ಬಣ್ಣ ಬೂದು ಎಂದು ಹತ್ತನೇ ಕ್ಲಾಸಿಗೆ ಪಾಠ ಮಾಡುತ್ತಿದ್ದವನು ನಾನು. ಅದನ್ನು ಅತ್ತೆಗೆ ಹೇಳಿದರೆ ಬೂದಿ ತಿನ್ನಿಸಲು ಹೊರಟಾರು ಎಂದು ಸುಮ್ಮನಾದೆ.

ಅವ್ವ, ಅತ್ತೆ ಇಬ್ಬರೂ ಎದುರುಬದುರು ಎಂದೂ ಜಗಳವಾಡಿದವರಲ್ಲ. "ಬನ್ನಿ ಬೀಗಿತ್ತಿಯೋರೇ", "ಕೂತ್ಕಳಿ ಬೀಗಿತ್ತಿಯೋರೇ" ಎಂದು ನಗುತ್ತಲೇ ಇರುತ್ತಿದ್ದರು. ಜಗಳವೆಲ್ಲ ಮಗುವಿನ ತಟ್ಟೆಯಲ್ಲಿ ನಡೆಯುತ್ತಿತ್ತು. ಅವ್ವ ಅನ್ನದೊಳಗೆ ಉಗುರಿನಷ್ಟು ಮುದ್ದೆ ಹೂತಿಟ್ಟರೆ, ಅತ್ತೆ ಅದನ್ನು ತೆಗೆದು ಬೆಣ್ಣೆ ಹೂತಿಡುತ್ತಿದ್ದರು. ಮಗಳು ಪುರಾತತ್ವ ಇಲಾಖೆಯವರ ಹಾಗೆ ಅಗುಳಗುಳನ್ನೂ ಅಗೆದು ಎರಡನ್ನೂ ಪತ್ತೆ ಮಾಡಿ ನೆಲಕ್ಕೆಸೆಯುತ್ತಿದ್ದಳು.

ಸಕ್ಕರೆಯ ವಿಷಯದಲ್ಲಿ ಅವ್ವ ಹಟ ಬಿಡಲಿಲ್ಲ. ಮೇಷ್ಟ್ರ ಚಾಳಿ ನನ್ನದು. ಪ್ರಯೋಗ ಮಾಡಿ ನೋಡಿಯೇಬಿಡೋಣ ಅನ್ನಿಸಿತು. ಮಗಳಿಗೆ ರುಚಿಗಿಂತ ಬಣ್ಣ ಮುಖ್ಯ. ಸಿಹಿ ಇದ್ದರೂ ಸಪ್ಪೆ ಇದ್ದರೂ ಹಾಲು ಬೆಳ್ಳಗಿದ್ದರೆ ಕುಡಿಯುತ್ತಿದ್ದಳು. ಅವ್ವ ನಮ್ಮಲ್ಲಿದ್ದ ದಿನಗಳಲ್ಲಿ ನಾನೇ ಹಾಲು ಕಾಯಿಸಿ ಕೊಡತೊಡಗಿದೆ. ಸಕ್ಕರೆ ಹಾಕಿದ ದಿನ "ಇವತ್ತು ಸಪ್ಪೆ ಹಾಲು ಕಣವ್ವ" ಎನ್ನುತ್ತಿದ್ದೆ. ಹಾಕದ ದಿನ "ಅಯ್ಯೋ, ಇವತ್ತು ಒಂದು ಚಮಚ ಜಾಸ್ತೀನೇ ಬಿತ್ತು" ಎನ್ನುತ್ತಿದ್ದೆ. ಆಮೇಲೆ ಮಗು ಹೇಗಿದ್ದಾಳೆ ಎಂದು ಅವ್ವನನ್ನೇ ಕೇಳುತ್ತಿದ್ದೆ.

ಸಪ್ಪೆ ಎಂದು ಹೇಳಿದ ದಿನವೆಲ್ಲ ಅವ್ವನಿಗೆ ಮೊಮ್ಮಗಳು ಹಸುವಿನಂಥವಳು. ಸಕ್ಕರೆ ಎಂದು ಹೇಳಿದ ದಿನ, ಅದೇ ಮಗು, ಅದೇ ಓಟ: "ನೋಡ್ಲಾ ನೋಡ್ಲಾ, ದೆವ್ವ ಒಕ್ಕಂಡಂಗೆ ಆಡ್ತಾಳೆ!" ನನಗೆ ಒಳಗೊಳಗೇ ಖುಷಿ. ಹಬ್ಬದ ದಿನ ಎಲ್ಲರೂ ಕೂತಿದ್ದಾಗ ಗುಟ್ಟು ಬಿಚ್ಚಿಟ್ಟೆ. ಸಕ್ಕರೆಯಿಂದ ಮಗು ಕುಣಿಯುವುದಿಲ್ಲ, ಕುಣಿಯುತ್ತದೆ ಎಂದು ನಂಬಿದವರ ಕಣ್ಣಿಗೆ ಹಾಗೆ ಕಾಣುತ್ತದೆ ಎಂದು ಪಾಠದ ಧಾಟಿಯಲ್ಲೇ ವಿವರಿಸಿದೆ.

ಅವ್ವ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಅಂಗಾರೆ ಇಷ್ಟು ದಿಸ ನೀನು ಎತ್ತ ತಾಯಿಗೆ ಸುಳ್ಳೇಳ್ತಾ ಇದ್ದೆ?"

"ಸುಳ್ಳಲ್ಲ ಕಣವ್ವ, ಪ್ರಯೋಗ."

"ಮನೇಲಿ ಅಪ್ಪ ಅನ್ನಿಸ್ಕಂಡೋನು ದಿನಾ ಸುಳ್ಳಾಡುದ್ರೆ ಮಕ್ಳು ಕುಣೀದೆ ಇನ್ನೇನು ಮಾಡ್ತವೆ? ಸಕ್ಕರೆದಲ್ಲ ಕಣ್ಲಾ ತಪ್ಪು, ನಿಂದೇಯ."

ನನ್ನ ಹೆಂಡತಿ ನಕ್ಕೂ ನಕ್ಕೂ ಅಡುಗೆಮನೆಗೆ ಎದ್ದು ಹೋದಳು. ಪ್ರಯೋಗ ಅಲ್ಲಿಗೆ ಮುಗಿಯಿತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಮಗಳನ್ನು ಮೈಸೂರಿನ ದೊಡ್ಡ ಡಾಕ್ಟರೊಬ್ಬರಿಗೆ ತೋರಿಸಿದೆವು. ಅವರು ಬಹಳ ಹೊತ್ತು ಅವಳ ಜೊತೆ ನೆಲದ ಮೇಲೆ ಕೂತು ಆಡಿ, ನಮ್ಮನ್ನೂ ಒಂದೊಂದೇ ಕೇಳಿ, ನಮಗೆ ಹೊಸದಾದ ಎರಡು ಹೆಸರು ಹೇಳಿದರು. ಒಂದು ಆಟಿಸಂ. ಇನ್ನೊಂದು ಎಡಿಎಚ್‌ಡಿ, ಗಮನ ನಿಲ್ಲುವುದಿಲ್ಲ, ಮೈ ಸುಮ್ಮನಿರುವುದಿಲ್ಲ. ಎರಡೂ ಒಟ್ಟಿಗೆ ಇರಬಹುದು, ಹುಟ್ಟಿನಿಂದಲೇ ಬಂದ ಬಗೆ, ಯಾರ ತಪ್ಪೂ ಅಲ್ಲ ಎಂದರು. ಹೇಗೆ ಮಾತಾಡಿಸಬೇಕು, ಹೇಗೆ ಆಡಿಸಬೇಕು ಎಂದು ತೋರಿಸಿಕೊಟ್ಟರು. ಎಲ್ಲ ಕೇಳಿಸಿಕೊಂಡ ನಾನು ಕೊನೆಗೆ ನಮ್ಮೂರಿನವನೇ ಆಗಿ ಕೇಳಿದೆ: "ಏನು ತಿನ್ನಿಸಬೇಕು ಡಾಕ್ಟ್ರೇ?"

ಅವರು ನಕ್ಕರು. "ಎಲ್ಲರೂ ಇದನ್ನೇ ಕೇಳ್ತಾರೆ. ಇದನ್ನ ತರೋ ಊಟಾನೂ ಇಲ್ಲ, ಓಡಿಸೋ ಊಟಾನೂ ಇಲ್ಲ. ಆದ್ರೆ ಹೊಟ್ಟೆ ಸರಿ ಇಲ್ಲ ಅಂದ್ರೆ ಯಾವ ಮಗೂನೂ ಸರಿ ಇರಲ್ಲ. ಅದನ್ನ ನೋಡ್ಕೊಳ್ಳಿ." ರಕ್ತ ಪರೀಕ್ಷೆಗೂ ಹೇಳಿದ್ದರು. ಸೂಜಿ ಕಂಡ ಮಗಳು ಆಸ್ಪತ್ರೆಯನ್ನೇ ತಲೆಕೆಳಗು ಮಾಡಿದ್ದರಿಂದ, ಇನ್ನೊಂದು ಸಲ ಮಾಡಿಸೋಣ ಎಂದು ಎತ್ತಿಕೊಂಡು ಬಂದುಬಿಟ್ಟೆವು.

ಡಾಕ್ಟರು ಹೇಳಿದ್ದಕ್ಕಿಂತ ಹೊರಗೆ ಬೆಂಚಿನ ಮೇಲೆ ಕೂತಿದ್ದವರು ಹೇಳಿದ್ದು ನನ್ನ ಹೆಂಡತಿಯ ತಲೆಯಲ್ಲಿ ಹೆಚ್ಚು ನಿಂತಿತು. ಅಲ್ಲೊಬ್ಬ ತಾಯಿ, ಇಂಥ ಮಕ್ಕಳಿಗೆ ಗೋಧಿ ಆಗುವುದಿಲ್ಲ, ಹಾಲು ಆಗುವುದಿಲ್ಲ, ಎರಡೂ ನಿಲ್ಲಿಸಿದ ಮೇಲೆ ತನ್ನ ಮಗ ಎಷ್ಟೋ ಪಾಲು ವಾಸಿ ಎಂದಿದ್ದಳು. ಹಾಸನಕ್ಕೆ ಬರುವ ರೈಲಿನಲ್ಲಿ ಹೊಳೆನರಸೀಪುರ ದಾಟುವುದರೊಳಗೆ ಹೆಂಡತಿಯ ತೀರ್ಮಾನವಾಗಿತ್ತು.

"ಒಂದಷ್ಟು ದಿನ ಬಿಟ್ಟು ನೋಡೋಣ ರೀ. ಕಳ್ಕೊಳೋದೇನಿದೆ?"

ಕಳೆದುಕೊಳ್ಳುವುದು ಏನೆಂದು ಮರುದಿನ ಬೆಳಿಗ್ಗೆ ಹಾಲಿಲ್ಲದ ಕಾಫಿ ಬಂದಾಗ ಗೊತ್ತಾಯಿತು. ಮಗಳು ನೋಡಿದರೆ ಕೇಳುತ್ತಾಳೆ ಎಂದು ಮನೆಗೆ ಹಾಲೇ ಬಂದ್. ಚಪಾತಿ ಇಲ್ಲ, ಉಪ್ಪಿಟ್ಟು ಇಲ್ಲ, ಬಿಸ್ಕತ್ತಿಲ್ಲ. ನಾನು ಶಾಲೆಯ ಎದುರಿನ ಹೋಟೆಲಿನಲ್ಲಿ ಕಳ್ಳನ ಹಾಗೆ ಕಾಫಿ ಕುಡಿದು ಬರುತ್ತಿದ್ದೆ. ಹೆಂಡತಿ ಕಚೇರಿಯಲ್ಲಿ ಕುಡಿಯುತ್ತಿದ್ದಳೆಂಬುದು ಆಮೇಲೆ ತಿಳಿಯಿತು.

ಸುದ್ದಿ ಕೇಳಿ ಅವ್ವನಿಗೆ ಹಿಗ್ಗು. "ಗೋದಿ ಅಂದ್ರೆ ನಮ್ಮ ತಾತ ಮುತ್ತಾತ ಕಂಡಿದ್ರೇನ್ಲಾ? ನಾನು ಮೊದ್ಲೇ ಏಳ್ಲಿಲ್ವಾ, ರಾಗಿ ಅಂತ." ಅವ್ವ ಎಂದೂ ಗೋಧಿಯ ಮಾತೇ ಎತ್ತಿರಲಿಲ್ಲ. ಅತ್ತೆಯಂತೂ ಹಾಲು ನಿಲ್ಲಿಸಿದ್ದು ಕೇಳಿ ಸೂತಕದ ಮನೆಗೆ ಬಂದವರ ಹಾಗೆ ಬಂದರು. ಹಾಲಿನ ಬದಲು ಕಾಯಿ ಹಾಲು ಕೊಟ್ಟು ನೋಡೋಣ ಎಂದು ಒರಳಿನಲ್ಲಿ ರುಬ್ಬಿ, ಹಿಂಡಿ, ಸೋಸಿ ಲೋಟದಲ್ಲಿಟ್ಟರು. ಮಗಳು ಲೋಟದೊಳಗೆ ಇಣುಕಿದಳು.

"ಇದು ಹಾಲಿನ ಬಿಳಿ ಅಲ್ಲ."

"ಹಾಲೇ ಕಣೇ ಬಂಗಾರ, ಕುಡಿ."

"ಕಾಯಿ ಬಿಳಿ. ಕಾಯಿ ಕುಡಿಯಲ್ಲ. ಕಾಯಿ ತಿನ್ನೋದು."

ಹಾಗಾಗಿ ಅವಳಿಗೆ ಉಳಿದದ್ದು ಅನ್ನ, ಇಡ್ಲಿ, ಕಾಯಿತುರಿ ಅಷ್ಟೇ. ಹೊಟ್ಟೆ ತುಂಬದೆ ಸಿಡುಕು ಹೆಚ್ಚಾಯಿತು, ಓಟ ಮೊದಲಿನಷ್ಟೇ ಉಳಿಯಿತು. ಹೆಂಡತಿ ಮಾತ್ರ "ಇವತ್ತು ಸ್ವಲ್ಪ ಪರವಾಗಿಲ್ಲ ಅಲ್ವಾ ರೀ?" ಎಂದು ದಿನಾ ಕೇಳುತ್ತಿದ್ದಳು. ಅವ್ವನ ಸಕ್ಕರೆ ನೆನಪಾಗಿ ನನಗೆ ನಾಲಿಗೆ ತುದಿಗೆ ಬರುತ್ತಿದ್ದ ಮಾತನ್ನು, ಅವಳ ಮುಖ ನೋಡಿ ನುಂಗಿಕೊಳ್ಳುತ್ತಿದ್ದೆ.

ಈ ವ್ರತ ನಡೆಯುತ್ತಿದ್ದಾಗಲೇ ನನ್ನ ತಂಗಿಯ ಮದುವೆ ಹೊಳೆನರಸೀಪುರದ ಒಂದು ಛತ್ರದಲ್ಲಿ ಗೊತ್ತಾಯಿತು. ಮದುವೆಯಲ್ಲಿ ಯಾರು ಯಾರೋ ಮಗುವಿನ ಬಾಯಿಗೆ ಏನೇನೋ ತುರುಕುತ್ತಾರೆ ಎಂದು ಹೆಂಡತಿಗೆ ಆತಂಕ. ಕ್ಯಾರಿಯರಿನ ತುಂಬ ಇಡ್ಲಿ ತುಂಬಿಕೊಂಡು, ರೇಷ್ಮೆ ಸೀರೆಯ ಸೆರಗಿಗೆ ಮಗಳ ಲಂಗದ ಲಾಡಿಯನ್ನು ಗಂಟು ಹಾಕಿಕೊಂಡು ಕೂತಿದ್ದಳು. ನೋಡಿದವರು, ಧಾರೆ ಯಾರದು ಎಂದು ನಗುತ್ತಿದ್ದರು.

ವಾಲಗದವರು ಗಟ್ಟಿಮೇಳ ಬಾರಿಸಿದರು ನೋಡಿ, ಆ ಸದ್ದಿಗೆ ಮಗಳು ಬೆಚ್ಚಿದಳು. ಎಲ್ಲರೂ ಅಕ್ಷತೆ ಎಸೆಯಲು ಎದ್ದರು. ಹೆಂಡತಿಯೂ ಎದ್ದಳು. ಅಕ್ಷತೆ ಬಿದ್ದು ಮುಗಿಯುವ ಹೊತ್ತಿಗೆ ಸೆರಗಿನಲ್ಲಿ ಲಾಡಿ ಇತ್ತು, ಲಂಗ ಇರಲಿಲ್ಲ, ಮಗಳೂ ಇರಲಿಲ್ಲ.

ಹೊಳೆಯ ಊರು ಅದು. ಗಂಡಸರು ಬೀದಿಗೆ ಓಡಿದರು, ನಾನು ಹೊಳೆ ಕಡೆಗೆ ಓಡಿದೆ. ದಾರಿಯಲ್ಲಿ ಸಿಕ್ಕ ಸಿಕ್ಕವರನ್ನೆಲ್ಲ "ಒಂದು ಮಗು ಕಂಡ್ರಾ, ಓಡ್ತಾ ಇರುತ್ತೆ" ಎಂದು ಕೇಳಿದೆ. ಒಬ್ಬ ಮುದುಕ "ಮಕ್ಳು ಅಂದ್ಮೇಲೆ ಓಡ್ತವೆ, ಗುರುತೇನು ಏಳಿ ಸಾ" ಎಂದ. ಗುರುತು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಛತ್ರದಿಂದ ಒಬ್ಬರು "ಮಗು ಸಿಕ್ತು" ಎಂದು ಕೂಗಿಕೊಂಡು ಬಂದರು.

ಅವಳು ಎಲ್ಲೂ ಹೋಗಿರಲಿಲ್ಲ. ಅಡುಗೆಮನೆಯ ಹಿಂದಿನ ಉಗ್ರಾಣದಲ್ಲಿ, ಊಟಕ್ಕೆಂದು ತುಂಬಿಟ್ಟಿದ್ದ ಮೊಸರಿನ ದೊಡ್ಡ ಕೊಳಗದ ಪಕ್ಕ ಚಕ್ಕಲಮಕ್ಕಲ ಹಾಕಿಕೊಂಡು ಕೂತಿದ್ದಳು. ಮೊಳಕೈವರೆಗೆ ಮೊಸರು, ಮೂಗಿನ ಮೇಲೆ ಮೊಸರು, ಜಡೆಯಲ್ಲಿ ಮೊಸರು. ಮುಖದಲ್ಲಿ ವಾರಗಳಿಂದ ನಾವು ಕಾಣದ ನೆಮ್ಮದಿ. ಅವಳ ಒಂದು ಪಕ್ಕದಲ್ಲಿ ಅತ್ತೆ, ಇನ್ನೊಂದು ಪಕ್ಕದಲ್ಲಿ ಅವ್ವ, ಬಾಗಿಲಿಗೆ ಬೆನ್ನು ಮಾಡಿಕೊಂಡು ಕಾವಲು ಕೂತಿದ್ದರು. ಹಾಲಿನ ಕಡೆಯವರೂ ರಾಗಿ ಕಡೆಯವರೂ ಒಂದಾಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಊರೆಲ್ಲ ಉಡುಕ್ತಾ ಅವ್ರೆ, ಒಂದು ಮಾತು ಏಳ್ಬಾರ್ದಾಗಿತ್ತಾ ಅವ್ವ?" ಎಂದೆ.

"ಏಳುದ್ರೆ ನಿನ್ನೆಂಡ್ತಿ ಬಂದು ಕಿತ್ಕತಿದ್ಲು. ತಿಂದು ಮುಗೀಲಿ, ಆಮ್ಯಾಕೆ ಏಳವ ಅಂತ ಇದ್ವಿ" ಎಂದಳು ಅವ್ವ.

"ಹಸ್ಕೊಂಡಿತ್ತು ಕಣ್ರೀ ಮಗು" ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ.

ಹೆಂಡತಿ ಓಡಿ ಬಂದಳು. ಬೈಯುತ್ತಾಳೆ ಎಂದು ನಾವು ಮೂವರೂ ಕಾದೆವು. ಅವಳು ಮಗಳನ್ನು ನೋಡಿದಳು, ಕೊಳಗ ನೋಡಿದಳು, ತನ್ನ ಕೈಯಲ್ಲಿದ್ದ ಬರೀ ಲಾಡಿ ನೋಡಿಕೊಂಡಳು. ನಗು ಬಂತು, ಹಿಂದೆಯೇ ಅಳುವೂ ಬಂತು. ರೇಷ್ಮೆ ಸೀರೆಯಲ್ಲೇ ನೆಲದ ಮೇಲೆ ಕೂತು ಮೊಸರುಮಯವಾದ ಮಗಳನ್ನು ತಬ್ಬಿಕೊಂಡಳು.

ಮಗಳನ್ನು ಹುಡುಕುತ್ತ ಬಂದವರಲ್ಲಿ ಗಂಡಿನ ಕಡೆಯ ಒಬ್ಬ ಹೆಂಗಸೂ ಇದ್ದರು. ಹುಡುಗನ ಚಿಕ್ಕಮ್ಮ, ಹಾಸನದಲ್ಲೇ ಮಕ್ಕಳ ಡಾಕ್ಟರು. ಮುಖ ತೊಳೆಸುವಾಗ ಅವರು ಬಳಿ ಬಂದು, ಮಗಳ ಕೈಗೆ ಒಂದು ಸ್ಟೀಲ್ ಲೋಟ ಕೊಟ್ಟು, ಅವಳು ಅದನ್ನು ತಿರುಗಿಸುವುದರಲ್ಲಿ ಮುಳುಗಿದ್ದಾಗ ಮೆಲ್ಲಗೆ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಉಗುರು ನೋಡಿದರು.

"ಇದೇನ್ರೀ, ಮಗೂನೂ ಬೆಳ್ಳಗಿದೆಯಲ್ಲ. ರಕ್ತಾನೇ ಇಲ್ಲ. ಏನು ಊಟ?"

ಬಿಳಿ ಎಂದದ್ದು ಮಗಳ ಕಿವಿಗೆ ಬಿತ್ತು. ಹೆಸರು ಕೂಗಿದರೆ ತಿರುಗದವಳು ಲೋಟ ಬಿಟ್ಟು ನೆಟ್ಟಗೆ ಡಾಕ್ಟರ ಮುಖ ನೋಡಿ ಕೇಳಿದಳು.

"ನಾನು ಯಾವ ಬಿಳಿ?"

ಡಾಕ್ಟರು ಒಂದು ಕ್ಷಣ ತಬ್ಬಿಬ್ಬಾದರು. ಆದರೆ ಮಕ್ಕಳ ಡಾಕ್ಟರಲ್ಲವೇ, ಸಾವರಿಸಿಕೊಂಡು ಗಂಭೀರವಾಗಿ "ಸುಣ್ಣದ ಬಿಳಿ" ಎಂದರು. ಮಗಳು ತನ್ನ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡು ಒಪ್ಪಿಗೆಯಿಂದ ತಲೆಯಾಡಿಸಿದಳು. ಹೊಸಬರೊಬ್ಬರ ಜೊತೆ ಅವಳು ತಾನಾಗಿ ಆಡಿದ ಮೊದಲ ಮಾತು ಅದು. ಆ ಪರಿಚಯದ ದೆಸೆಯಿಂದಲೇ ಮುಂದಿನ ವಾರ ಅವರ ಕ್ಲಿನಿಕ್ಕಿನಲ್ಲಿ, ಕಡಿಮೆ ರಂಪದಲ್ಲಿ, ರಕ್ತ ಕೊಟ್ಟದ್ದು.

ಕಬ್ಬಿಣದ ಅಂಶ ತಳ ಕಂಡಿತ್ತು. ಡಾಕ್ಟರು ಬಿಡಿಸಿ ಹೇಳಿದರು. ಸೊಪ್ಪಿಲ್ಲ, ಕಾಳಿಲ್ಲ, ಮಾಂಸವಿಲ್ಲ. ಇಷ್ಟು ವರ್ಷ ಹೊಟ್ಟೆ ತುಂಬ ಹಾಲೇ. ಹಾಲು ಬೇರೆ ಊಟಕ್ಕೆ ಜಾಗ ಬಿಡುವುದಿಲ್ಲ, ಕಬ್ಬಿಣ ಮೈಗೆ ಹತ್ತಲೂ ಬಿಡುವುದಿಲ್ಲ. ಕಬ್ಬಿಣ ಕಡಿಮೆಯಾದರೆ ಮಲಗಿದಾಗ ಕಾಲು ಸುಮ್ಮನಿರದು, ನಿದ್ದೆ ಬಾರದು, ನಿದ್ದೆಗೆಟ್ಟರೆ ಮೊದಲೇ ನಿಲ್ಲದ ಗಮನ ಇನ್ನೂ ಕೆಡುತ್ತದೆ.

"ಹಾಗಾದ್ರೆ ಇದನ್ನ ಕೊಟ್ರೆ ಎಲ್ಲಾ ಸರಿಹೋಗುತ್ತಾ?" ಎಂದು ಹೆಂಡತಿ ಕೇಳಿದಳು.

"ಇಲ್ಲಮ್ಮ. ನಿಮ್ಮ ಮಗಳು ನಿಮ್ಮ ಮಗಳಾಗೇ ಇರ್ತಾಳೆ. ಕಾಲು ನಿಲ್ಲಬಹುದು, ನಿದ್ದೆ ಬರಬಹುದು. ಅಷ್ಟು ಬಂದ್ರೆ ಕಲಿಯೋಕೆ ಸುಲಭ ಆಗುತ್ತೆ. ಇನ್ನೊಂದು, ಆ ಹಾಲು ಗೋಧಿ ಬಂದ್ ಸಾಕು. ತಿನ್ನೋದೇ ನಾಲ್ಕು ಪದಾರ್ಥ, ಅದರಲ್ಲೂ ಎರಡು ಕಿತ್ಕೊಂಡ್ರೆ ಹೇಗೆ? ಹಾಲು ಮಿತವಾಗಿ ಕೊಡಿ, ಅಷ್ಟೇ."

ನಾವು ಬಿಸ್ಕತ್ತು, ಮೊಸರು ಎರಡನ್ನೂ ಒಂದೊಂದಾಗಿ ಮತ್ತೆ ಶುರುಮಾಡಿದೆವು. ಅವಳಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ನಮ್ಮ ಕಾಫಿಯಲ್ಲಿ. ಆಸ್ಪತ್ರೆಯ ಬೆಂಚಿನ ಮೇಲೆ ಸಿಕ್ಕ ಆ ತಾಯಿ ಸುಳ್ಳು ಹೇಳಿದಳು ಎಂದು ನಾನು ಹೇಳಲಾರೆ. ಅವಳ ಮಗನ ಹೊಟ್ಟೆಗೆ ಹಾಲೋ ಗೋಧಿಯೋ ನಿಜಕ್ಕೂ ಒಗ್ಗುತ್ತಿರಲಿಲ್ಲವೇನೋ. ಅವನ ಹೊಟ್ಟೆ ಅವನದು, ಇವಳ ಹೊಟ್ಟೆ ಇವಳದು.

ಕಬ್ಬಿಣದ ಔಷಧಿ ತಂದೆವು. ಕಡುಕಂದು ಬಣ್ಣದ ಪಾನಕ. ಮೊದಲ ಚಮಚ ಶಾಲೆಗೆ ಹೊರಟಿದ್ದ ನನ್ನ ಬಿಳಿ ಶರ್ಟಿನ ಮೇಲೆ ಬಿತ್ತು. ಎರಡನೆಯದು ಕ್ಯಾಲೆಂಡರಿನ ಮೇಲೆ. ಹೀಗೆ ಎಷ್ಟೋ ದಿನ ಗೋಡೆಗಳಿಗೇ ಕಬ್ಬಿಣ ಕುಡಿಸಿದ ಮೇಲೆ, ದಾರಿ ತೋರಿಸಿದ್ದು ಮಗಳೇ. ಒಂದು ಬೆಳಿಗ್ಗೆ ಚಮಚ ಹತ್ತಿರ ಬಂದಾಗ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಬಾಯಿ ತೆರೆದಳು. ಗುಟುಕರಿಸಿ, ಮುಖ ಕಿವುಚಿ, ಕಣ್ಣು ಬಿಟ್ಟು ಹೇಳಿದಳು:

"ಕಣ್ಣು ಮುಚ್ಚಿದ್ರೆ ಬಣ್ಣ ಇಲ್ಲ."

ಅಲ್ಲಿಂದ ಔಷಧಿಯ ಹೊತ್ತಿಗೆ ಇಡೀ ಮನೆ ಕಣ್ಣು ಮುಚ್ಚಿಕೊಳ್ಳಬೇಕಿತ್ತು. ಒಬ್ಬರು ಕಣ್ಣು ಬಿಟ್ಟಿದ್ದರೂ ಅವಳು ಒಪ್ಪುತ್ತಿರಲಿಲ್ಲ. ಚಮಚ ಹಿಡಿದ ಹೆಂಡತಿ ಒಂದೇ ಕಣ್ಣನ್ನು ಕಳ್ಳತನದಲ್ಲಿ ಅರ್ಧ ತೆರೆದು ಬಾಯಿ ಹುಡುಕುತ್ತಿದ್ದಳು. ನೆಂಟರು ಬಂದಿದ್ದರೆ ಅವರೂ ಮುಚ್ಚಬೇಕು. ಮೀಟರ್ ಓದಲು ಬಂದಿದ್ದವನೊಬ್ಬ, ವಿಷಯವೇನೆಂದು ಕೇಳದೆ, ದೇವರ ಪೂಜೆಯೆಂದು ತಿಳಿದು ಚಪ್ಪಲಿ ಬಿಟ್ಟು ಕೈಯನ್ನೂ ಮುಗಿದ.

ಔಷಧಿಯೇನೋ ಹೊಟ್ಟೆ ಸೇರಿತು, ಆದರೆ ಊಟ ಬೆಳೆಯಬೇಕಲ್ಲ. ಅವ್ವನ ರಾಗಿಗೆ ಕೊನೆಗೂ ಕಾಲ ಕೂಡಿಬಂತು. ಹೆಂಡತಿ ಇಡ್ಲಿ ಹಿಟ್ಟಿಗೆ ಒಂದು ಚಿಟಿಕೆ ರಾಗಿಹಿಟ್ಟು ಸೇರಿಸಿದಳು. ಯಾರ ಕಣ್ಣಿಗೂ ಕಾಣದಷ್ಟು. ಮಗಳ ಕಣ್ಣಿಗೆ ಕಂಡಿತು.

"ಇಡ್ಲಿಗೆ ಮಣ್ಣು ಬಿದ್ದಿದೆ."

"ಮಣ್ಣಲ್ಲ ಕಣೇ, ಇದೊಂದು ಹೊಸ ಬಿಳಿ" ಎಂದಳು ಹೆಂಡತಿ. "ಇದಕ್ಕಿನ್ನೂ ಹೆಸರಿಟ್ಟಿಲ್ಲ. ನೀನೇ ಇಡು."

ಹೆಸರಿಡುವ ಕೆಲಸ ಅವಳಿಗೆ ಹಿಡಿಸಿತು. ತಟ್ಟೆಯನ್ನು ಕಿಟಕಿಯ ಹತ್ತಿರ ಒಯ್ದು, ಆ ಕಡೆ ಈ ಕಡೆ ಓರೆ ಮಾಡಿ ನೋಡಿ "ಮೋಡದ ಬಿಳಿ" ಎಂದಳು. ಹೆಸರಿಟ್ಟ ಮೇಲೆ ಅದು ಅವಳದೇ ಆಯಿತು, ತಿಂದಳು. ಮುಂದೆ ಇಡ್ಲಿ ಸ್ವಲ್ಪಸ್ವಲ್ಪವೇ ಕಪ್ಪಾಗುತ್ತ ಹೋಯಿತು. ಇಲಿ ಬಿಳಿ ಬಂತು, ಪಾರಿವಾಳದ ಬಿಳಿ ಬಂತು, ಬೂದಿ ಬಿಳಿ ಬಂತು. ಅವಸರ ಮಾಡಿದ ದಿನ ತಟ್ಟೆ ಹಾರುತ್ತಿತ್ತು, ಮತ್ತೆ ಹಿಂದಿನ ಬಿಳಿಗೆ ಹೋಗುತ್ತಿದ್ದೆವು. ಅತ್ತೆ ಇಡ್ಲಿಯ ಮೇಲೆ ಕಾಯಿತುರಿ ಉದುರಿಸಿ ತಮ್ಮ ಪಾಲನ್ನೂ ಕಾಪಾಡಿಕೊಂಡರು. ಕೊನೆಗೊಂದು ದಿನ ಅವ್ವ ಬಿಸಿ ಮುದ್ದೆಯನ್ನೇ ಅವಳ ಮುಂದಿಟ್ಟು, ತಾನೂ ಮೊಮ್ಮಗಳ ಧಾಟಿ ಹಿಡಿದು ಹೇಳಿದಳು: "ನೋಡವ್ವ, ಇದು ಕಪ್ಪು ಬಿಳಿ."

ಮಗಳು ಬಹಳ ಹೊತ್ತು ನೋಡಿದಳು. "ಕಪ್ಪು ಬಿಳಿ" ಎಂದು ತನ್ನಲ್ಲೇ ಹೇಳಿಕೊಂಡಳು. ಒಂದು ತುಣುಕು ಮುರಿದು, ಮೊಸರಿನಲ್ಲಿ ಅದ್ದಿ, ನುಂಗಿದಳು. ಅವ್ವ ಯಾರ ಕಡೆಗೂ ನೋಡದೆ ಎದ್ದು ಹಿತ್ತಿಲಿಗೆ ಹೋಗಿ ಜೋರಾಗಿ ಮೂಗು ಸೀಟಿದಳು.

ತಿಂಗಳುಗಳು ಕಳೆಯುತ್ತ ಕಾಲು ನಿಂತವು. ನಾವು ಗೋಡೆ ಬಿಟ್ಟು ಹಾಸಿಗೆಯ ನಡುವಿಗೆ ಬಂದೆವು. ಮೈಸೂರಿನ ಡಾಕ್ಟರು ಹೇಳಿಕೊಟ್ಟ ಆಟ ಪಾಠಗಳಿಗೆ ಅವಳು ಈಗ ಸ್ವಲ್ಪ ಹೊತ್ತಾದರೂ ಕೂರುತ್ತಿದ್ದಳು. ಒಂದು ಸಣ್ಣ ಶಾಲೆ ಅವಳನ್ನು ಸೇರಿಸಿಕೊಂಡಿತು. ಒಂದು ಪೀರಿಯಡ್ ಕೂತು ಇನ್ನೊಂದು ಪೀರಿಯಡ್ ಮೈದಾನ ಸುತ್ತುವ ಕರಾರಿನ ಮೇಲೆ. ಕುಕ್ಕರ್ ಕೂಗಿದರೆ ಕಿವಿ ಮುಚ್ಚುವುದು, ಎದುರು ಬಂದವರ ಮುಖ ಬಿಟ್ಟು ಅಂಗಿಯ ಗುಂಡಿ ನೋಡಿ ಮಾತಾಡುವುದು, ನೆಂಟರನ್ನು "ಯಾವಾಗ ಹೋಗ್ತೀರಾ?" ಎಂದು ಬಾಗಿಲಲ್ಲೇ ಕೇಳುವುದು ಯಾವುದೂ ಬದಲಾಗಲಿಲ್ಲ. ಕೊನೆಯದು ಬದಲಾಗದಿದ್ದದ್ದಕ್ಕೆ ನಮಗೆ ಬೇಸರವೂ ಇರಲಿಲ್ಲ.

ಆಮೇಲೆ ಊರಿನವರು ನಮ್ಮ ಮನೆಗೆ ಬರತೊಡಗಿದರು. "ಏನು ತಿನ್ನಿಸಿ ಸರಿ ಮಾಡಿದ್ರಿ?" ಎಂದು. ಹೆಂಡತಿ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದಳು. "ಸರಿ ಮಾಡಿಲ್ಲ, ಹೊಟ್ಟೆ ತುಂಬಿಸಿದ್ವಿ. ಮೊದಲು ರಕ್ತ ಪರೀಕ್ಷೆ ಮಾಡ್ಸಿ, ಡಾಕ್ಟರನ್ನ ಕೇಳ್ದೆ ಏನೂ ನಿಲ್ಲಿಸ್ಬೇಡಿ." ಬಂದವರಿಗೆ ಇದು ಸಪ್ಪೆ ಎನಿಸುತ್ತಿತ್ತು. ಯಾವುದಾದರೂ ಬೇರಿನ ಹೆಸರೋ ಕಾಳಿನ ಹೆಸರೋ ಹೇಳಿದ್ದರೆ ಸಂತೋಷವಾಗಿ ಹೋಗುತ್ತಿದ್ದರೇನೋ.

ಮಗಳು ಹೈಸ್ಕೂಲು ಸೇರಿದ್ದ ವರ್ಷ ಕೊರವಂಗಲದ ಕಡೆಯಿಂದ ಒಬ್ಬ ತಾಯಿ ತನ್ನ ಪುಟ್ಟ ಮಗಳನ್ನು ಎತ್ತಿಕೊಂಡು ಬಂದಳು. ಆ ಮಗು ಚಕ್ಕುಲಿ, ಹಪ್ಪಳ, ಹುರಿಗಾಳು ಬಿಟ್ಟು ಏನನ್ನೂ ಮುಟ್ಟುವುದಿಲ್ಲವಂತೆ. ಅನ್ನ ಕಂಡರೆ ವಾಂತಿ. "ಎಣ್ಣೆ ತಿಂಡಿ ತಿಂದೂ ತಿಂದೂ ಇಂಗಾಗದೆ ಅಂತಾರೆ ಎಲ್ಲಾ. ಏನ್ ಮಾಡ್ಲಿ ಅಕ್ಕ?" ಎಂದು ಆ ತಾಯಿ ನನ್ನ ಹೆಂಡತಿಯ ಎದುರು ಕಣ್ಣೀರು ಹಾಕುತ್ತಿದ್ದಳು. ಮಗು ಮೂಲೆಯಲ್ಲಿ ಕೂತು ಹಪ್ಪಳ ಕಡಿಯುತ್ತಿತ್ತು.

ನೆಂಟರು ಬಂದರೆ ಕೋಣೆ ಸೇರುವ ನನ್ನ ಮಗಳು ಅಂದು ಬಾಗಿಲಲ್ಲೇ ನಿಂತಿದ್ದಳು. ಆ ಮಗು ಕಡಿಯುವುದನ್ನು ಕಿವಿಗೊಟ್ಟು ಕೇಳಿದಳು. ನಂತರ ಯಾರಿಗೋ ಹೇಳುವವಳ ಹಾಗೆ ಗೋಡೆಗೆ ಹೇಳಿದಳು:

"ಇವಳು ಹಪ್ಪಳ ತಿಂತಾ ಇಲ್ಲ. ಸದ್ದು ತಿಂತಾ ಇದಾಳೆ."

ನಾವು ಏನೆಂದು ಅರ್ಥಮಾಡಿಕೊಳ್ಳುವಷ್ಟರಲ್ಲಿ ಅಡುಗೆಮನೆಗೆ ಹೋಗಿ ಒಂದು ಎಳೆ ಸೌತೆಕಾಯಿ ತಂದಳು. ಮಗುವಿನ ಪಕ್ಕ ಕೂತು, ಅದರ ಕಿವಿಯ ಹತ್ತಿರ ಬಾಯಿ ಒಯ್ದು, ಕಟುಮ್ ಎಂದು ಕಚ್ಚಿದಳು. ಮಗು ಹಪ್ಪಳ ಬಿಟ್ಟು ತಿರುಗಿತು. ಇನ್ನೊಮ್ಮೆ ಕಚ್ಚಿದಳು. ಮಗು ಕೈ ಚಾಚಿತು. ಸೌತೆಕಾಯಿ ಇಸಿದುಕೊಂಡು, ಮೂಸಿ, ಎರಡು ಹಲ್ಲು ಊರಿ ಕಚ್ಚಿ, ತನ್ನ ಬಾಯೊಳಗಿನ ಸದ್ದನ್ನು ತಾನೇ ಕೇಳಿಸಿಕೊಳ್ಳುತ್ತ ಅಗಿಯತೊಡಗಿತು.

ಆ ತಾಯಿ ಬಾಯಿಗೆ ಸೆರಗು ಒತ್ತಿಕೊಂಡು ನೋಡುತ್ತಿದ್ದವಳು ಗಡಬಡಿಸಿ ಎದ್ದಳು. "ತಾಳವ್ವ, ಸಪ್ಪೆ ಅಲ್ವಾ, ಒಂಚೂರು ಉಪ್ಪು ಖಾರ ಅಚ್ಕೊಡ್ಲಾ?"

"ಬೇಡ" ಎಂದಳು ನನ್ನ ಮಗಳು, ಅವಳ ರವಿಕೆಯ ಗುಂಡಿಯನ್ನೇ ನೋಡುತ್ತ. "ಉಪ್ಪು ಹಾಕಿದ್ರೆ ಮೆತ್ತಗಾಗುತ್ತೆ."